ಗಾರ್ಡ್ ಸಾಹೇಬರು

ಮೇಲಿನ ಮನೆಯ ಹುಡುಗ ಹೋದ ದೀಪಾವಳಿಗೆ ಒಂದು ಕಾಕಟೀಲ್ ತಂದ. ಆಸ್ಟ್ರೇಲಿಯಾ ಮೂಲದ ಹಕ್ಕಿ. ತಲೆಗೆ ಹಳದಿ ಜುಟ್ಟು, ಕೆನ್ನೆಗೆ ಯಾರೋ ಅವಸರದಲ್ಲಿ ಹಚ್ಚಿ ಹೋದಂಥ ಕಿತ್ತಳೆ ಬೊಟ್ಟು. ಮೊದಲ ವಾರ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಮೆಟ್ಟಿಲು ಹತ್ತಿ ಹೋಗಿ ನೋಡಿ ಬಂದರು. ಎರಡನೆಯ ವಾರ ಅದೇ ಜನ ಅದೇ ಮೆಟ್ಟಿಲು ಹತ್ತಿದ್ದು ಜಗಳಕ್ಕೆ. ಸಂಜೆ ಆರಾಯಿತೆಂದರೆ ಸಾಕು, ಹಕ್ಕಿ ಕುಕ್ಕರಿನೊಳಗೆ ಸಿಕ್ಕಿಬಿದ್ದವರ ಹಾಗೆ ಕಿರುಚತೊಡಗುತ್ತಿತ್ತು. ಒಂದು ದಿನ ಹುಡುಗ ನಮ್ಮ ಬಾಗಿಲಿಗೆ ಬಂದು ನಿಂತ.

"ಅಂಕಲ್, ನಿಮ್ಮ ಮನ್ಯಾಗ ಭಾಳ ವರ್ಷ ಗಿಣಿ ಇತ್ತಂತ. ಇದರ ಬಾಯಿ ಮುಚ್ಚಿಸೋದು ಹೆಂಗ್ರಿ?"

ನಗು ಬಂತು. ಇಪ್ಪತ್ತೇಳು ವರ್ಷ ಗಿಣಿಯ ಎದುರು ಒಂದು ಮಾತೂ ಗೆಲ್ಲದವನಿಗೆ ಕೇಳುವ ಪ್ರಶ್ನೆಯೇ ಇದು? ಆದರೂ ಅನುಭವಸ್ಥ ಅಂತ ಯಾರಾದರೂ ಹುಡುಕಿಕೊಂಡು ಬಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. "ಬಾ, ಕೂಡು" ಅಂದೆ. ಒಳಗಿನ ಕೋಣೆಯಿಂದ ಅವ್ವ "ಯಾರು ಬಂದಾರೋ?" ಅಂದಳು. "ಗಿಣಿ ವಿಷಯಕ್ಕ ಬಂದಾರ" ಅಂದೆ. ಒಳಗೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

ನಮ್ಮದು ಲೋಂಡಾ. ಖಾನಾಪುರ ತಾಲ್ಲೂಕಿನ ಕಾಡಿನ ನಡುವೆ ರೈಲು ಹಾದಿ ಕವಲೊಡೆಯುವ ಜಾಗ. ಧಾರವಾಡದ ಕಡೆಯಿಂದ ಬಂದ ಹಳಿ ಇಲ್ಲಿ ಎರಡಾಗಿ, ಒಂದು ಬೆಳಗಾವಿ, ಮೀರಜಿನತ್ತ ಹೊರಳುತ್ತದೆ. ಇನ್ನೊಂದು ತಿನೈಘಾಟ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಗೋವಾ ಸೇರುತ್ತದೆ. ಬೇರೆ ಊರುಗಳಿಗೆ ಸ್ಟೇಶನ್ ಇರುತ್ತದೆ, ನಮ್ಮಲ್ಲಿ ಸ್ಟೇಶನ್ನಿಗೆ ಒಂದು ಊರಿತ್ತು. ಅಪ್ಪ ಅಲ್ಲಿ ಪಾಯಿಂಟ್ಸ್‌ಮನ್. ನಮ್ಮ ಕ್ವಾರ್ಟರ್ಸು ಪ್ಲಾಟ್‌ಫಾರ್ಮಿಗೆ ಎಷ್ಟು ಹತ್ತಿರವೆಂದರೆ, ನಡುರಾತ್ರಿ ಚಹಾದವನು "ಚಾಯ್" ಅಂತ ಕೂಗಿದರೆ ಅಜ್ಜಿ ನಿದ್ದೆಯಲ್ಲೇ "ಬ್ಯಾಡಪಾ" ಅಂತಿದ್ದಳು.

1983ರ ಬೇಸಿಗೆಯಲ್ಲಿ ಹಳಿಯ ಪಕ್ಕದ ಒಂದು ಹಳೇ ಮತ್ತಿ ಮರ ಉರುಳಿತು. ಪೊಟರೆಯಲ್ಲಿದ್ದ ಮರಿಗಳಲ್ಲಿ ಉಸಿರಿದ್ದದ್ದು ಒಂದಕ್ಕೆ. ಅಪ್ಪ ಅದನ್ನು ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿಟ್ಟುಕೊಂಡು ಬಂದ. ಬೋಳು ಮೈ, ಮುಚ್ಚಿದ ಕಣ್ಣು, ಮೈಗಿಂತ ದೊಡ್ಡ ಹೊಟ್ಟೆ. "ಪಲ್ಯ ಏನು ಉಳಿಸೀರಿ" ಅಂತ ಡಬ್ಬಿ ತೆಗೆದ ಅವ್ವ ಚೀರಿದ್ದು ಎರಡನೇ ಪ್ಲಾಟ್‌ಫಾರ್ಮಿಗೆ ಕೇಳಿತಂತೆ. ಆಮೇಲೆ ನೆನೆಸಿದ ಕಡಲೆ ಅರೆದು, ಎರಡು ತಾಸಿಗೊಮ್ಮೆ ಉಣಿಸಿ ಅದನ್ನು ಬದುಕಿಸಿದವಳೂ ಅವಳೇ.

ಅದು ಹೆಣ್ಣು ಅಂತ ತೀರ್ಮಾನಿಸಿದವಳು ಅಜ್ಜಿ. ಹೇಗೆ ಗೊತ್ತಾಯಿತು ಅಂತ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಿತ್ತೂರು ನಮಗೇನು ದೂರವಲ್ಲ, ಮುಟ್ಟಲು ಹೋದವರ ಬೆರಳಿಗೆ ಅದು ತೋರುತ್ತಿದ್ದ ಶೌರ್ಯವೂ ಕಡಿಮೆಯದಲ್ಲ. ಚೆನ್ನಮ್ಮ ಅಂತಲೇ ಹೆಸರಾಯಿತು. ಕಿತ್ತೂರಿನ ಮೇಲೆ ಏರಿಬಂದ ಥ್ಯಾಕರೆಯ ಪಾಡು ಮೊದಲು ನನಗೆ ಬಂತು. ಬಲಗೈ ತೋರುಬೆರಳಿನ ಮೇಲೆ ಆ ಯುದ್ಧದ ಗುರುತು ಈಗಲೂ ಇದೆ. ಮೂರನೆಯ ವರ್ಷ ಚೆನ್ನಮ್ಮನ ಕೊರಳಿಗೆ ಕಪ್ಪು ಪಟ್ಟಿ ಮೂಡಿತು, ಹಿಂದುಗಡೆ ಅದಕ್ಕೊಂದು ಗುಲಾಬಿ ಅಂಚು. ಈ ಜಾತಿಯಲ್ಲಿ ಆ ಕಂಠಿ ಬರುವುದು ಗಂಡಿಗೆ ಮಾತ್ರ. ಅಜ್ಜಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅಪ್ಪ ಮಾತ್ರ ಹಕ್ಕಿಯನ್ನು ಆಕಡೆ ಈಕಡೆ ತಿರುಗಿಸಿ ನೋಡಿ, "ಮೈ ಹಸರು, ಕೊಕ್ಕು ಕೆಂಪು. ಎರಡೂ ಬಾವುಟ ಇವನ ಹತ್ರಾನ ಅದಾವು. ಕೊರಳಿಗೆ ಟೈ ಬ್ಯಾರೆ. ಇಂವ ಗಾರ್ಡ್ ಸಾಹೇಬ" ಅಂದ. ಪಾಯಿಂಟ್ಸ್‌ಮನ್ನನ ಮನೆಯಲ್ಲಿ ಅಂದಿನಿಂದ ಅವನಿಗಿಂತ ದೊಡ್ಡ ಹುದ್ದೆಯವರೊಬ್ಬರು ವಾಸ. (2022ರ ಜನವರಿಯಲ್ಲಿ ರೈಲ್ವೆಯವರು ಗಾರ್ಡ್ ಅನ್ನುವ ಹೆಸರು ತೆಗೆದು ಟ್ರೇನ್ ಮ್ಯಾನೇಜರ್ ಅಂತ ಮಾಡಿದರು. ನಮ್ಮ ಸಾಹೇಬರಿಗೆ ಆ ಬಡ್ತಿಯ ಯೋಗ ಇರಲಿಲ್ಲ.)

ಹೆಸರಿಟ್ಟದ್ದೇ ತಪ್ಪಾಯಿತೇನೋ. ತಿಂಗಳೊಳಗೆ ಸಾಹೇಬರು ಗಾರ್ಡಿನ ಸೀಟಿ ಕಲಿತರು. ಆಮೇಲೆ ಟೋಕನ್ ಗಂಟೆ. ಒಂಟಿ ಹಳಿಯ ದಾರಿಯಲ್ಲಿ ಪಕ್ಕದ ಸ್ಟೇಶನ್ನು ಒಪ್ಪಿ, ಯಂತ್ರದಿಂದ ಟೋಕನ್ನಿನ ಗುಂಡು ಹೊರಗೆ ಬಂದು, ಬೆತ್ತದ ಬಳೆಯ ಚೀಲದೊಳಗೆ ಕೂತು ಡ್ರೈವರನ ಕೈ ಸೇರದೆ ಆಗ ಗಾಡಿ ಮುಂದೆ ಹೋಗುವ ಹಾಗಿರಲಿಲ್ಲ. ಅದಕ್ಕಾಗಿ ಎರಡು ಸ್ಟೇಶನ್ನಿನವರು ಗಂಟೆ ಹೊಡೆದು ಮಾತಾಡಿಕೊಳ್ಳುತ್ತಿದ್ದರು. ಆ ಮಾತು ನಮ್ಮ ಮನೆಯಲ್ಲಿ ನಸುಕಿನ ನಾಲ್ಕಕ್ಕೇ ಶುರು. ರಾತ್ರಿ ಪಾಳಿ ಮುಗಿಸಿ ಮಲಗಿದ ಅಪ್ಪ ಗಂಟೆ ಕೇಳಿದೊಡನೆ ಎದ್ದು ಕಣ್ಣು ಮುಚ್ಚಿಕೊಂಡೇ ಲಾಟೀನಿಗಾಗಿ ತಡಕಾಡುತ್ತಿದ್ದ. ಒಮ್ಮೆ ಬನಿಯನ್ನಿನಲ್ಲೇ ಅರ್ಧ ದಾರಿ ಹೋಗಿ, ಹಳಿಯ ಮೇಲೆ ನಿಂತ ಎಮ್ಮೆ ನೋಡಿ ಎಚ್ಚರಾಗಿ ವಾಪಸ್ ಬಂದ. ಇನ್ನೊಂದು ಸಲ ಗೋವಾಕ್ಕೆ ಹೊರಟ ಒಬ್ಬರು ನಳದಲ್ಲಿ ನೀರು ತುಂಬಿಸಿಕೊಳ್ಳುತ್ತಿದ್ದಾಗ ನಮ್ಮ ಸಾಹೇಬರು ಸೀಟಿ ಊದಿದರು. ಆ ಪುಣ್ಯಾತ್ಮ ನಳ ಬಿಟ್ಟು ಓಡಿ ಎದುರಿಗಿದ್ದ ಗೂಡ್ಸ್ ಗಾಡಿಯ ಬ್ರೇಕ್‌ವ್ಯಾನ್ ಹತ್ತಿ ಕೂತು, ಅಲ್ಲಿದ್ದ ನಿಜವಾದ ಗಾರ್ಡಿಗೆ "ಇದು ವಾಸ್ಕೋ ಗಾಡಿ ಹೌದಲ್ರಿ?" ಅಂದನಂತೆ.

ಭಾಷೆಯ ವಿಷಯದಲ್ಲಿ ಸಾಹೇಬರು ಅಪ್ಪಟ ಲೋಂಡಾದವರು. ಬೇಡುವುದು ಕನ್ನಡದಲ್ಲಿ, ಬೈಯುವುದು ಮರಾಠಿಯಲ್ಲಿ, ಮಾರುವುದು ಹಿಂದಿಯಲ್ಲಿ. ಪಕ್ಕದ ಮನೆಯ ಕೊಂಕಣಿ ಬಾಯಿಯವರು ಮೀನಿನವಳ ಜೊತೆ ಚೌಕಾಸಿ ಮಾಡುವ ರಾಗವನ್ನು ಶಬ್ದವಿಲ್ಲದೆ ಬರೀ ಏರಿಳಿತದಲ್ಲಿ ಹೇಳುತ್ತಿದ್ದರು. ನಾವು ಗಿಣಿ ಅನ್ನುತ್ತಿದ್ದೆವು, ಎದುರು ಮನೆಯವರು ಪೋಪಟ್, ಪಕ್ಕದವರು ಕೀರ್, ಉಸ್ಮಾನಿಯಾ ಚಹಾ ಅಂತ ಕೂಗುತ್ತಿದ್ದ ಮುದುಕ ತೋತಾ. ಹಕ್ಕಿ ಯಾರದು ಅನ್ನುವ ಗಡಿವಾದ ಎದ್ದಾಗಲೆಲ್ಲ ಅಪ್ಪ "ಇದು 1967ರ ಮಹಾಜನ ವರದಿಯೊಳಗ ಬರೂದಿಲ್ರಿ" ಅಂತ ಮುಗಿಸುತ್ತಿದ್ದ. ಮರಾಠಿಯಲ್ಲಿ ಪೋಪಟ್ ಆಗುವುದೆಂದರೆ ಬೇಸ್ತು ಬೀಳುವುದು ಅಂತಲೂ ಅರ್ಥ. ಬೇಸ್ತು ಬೀಳುತ್ತಿದ್ದವರು ಯಾವಾಗಲೂ ನಾವೇ.

ಮನೆಯ ಔಷಧಿಗಳು ಒಂದೊಂದಾಗಿ ಶುರುವಾದವು. ಸಾಹೇಬರು ಒಣಗಲು ಹಾಕಿದ ಬಟ್ಟೆಯ ಗುಂಡಿ ಕಡಿಯುತ್ತಿದ್ದರು. ಮಳೆಗಾಲದಲ್ಲಿ ಲೋಂಡಾದಲ್ಲಿ ಬಟ್ಟೆ ಒಣಗುವುದು ಒಳಗಿನ ಹಗ್ಗದ ಮೇಲೆ, ಹಗ್ಗದ ತುದಿಗೆ ಪಂಜರ. ಅಜ್ಜಿ ಗುಂಡಿಗಳಿಗೆ ಬ್ಯಾಡಗಿ ಖಾರ ಅರೆದು ಹಚ್ಚಿದಳು. ಅವತ್ತು ಗುಂಡಿಗಳು ಬೇಗ ಮುಗಿದವು. ಬ್ಯಾಡಗಿಯಲ್ಲಿ ಬಣ್ಣವೇ ಹೆಚ್ಚು, ಖಾರ ಸಾಲದು ಅಂತ ಲವಂಗಿ ಮೆಣಸಿನಕಾಯಿ ಬಂತು. ಸಾಹೇಬರು ಅದನ್ನು ಎಡಗಾಲಲ್ಲಿ ಹಿಡಿದು ನಾವು ಕಬ್ಬು ತಿನ್ನುವ ಹಾಗೆ ತಿಂದರು. ಖಾರದ ಉರಿ ಹಕ್ಕಿಗಳ ನಾಲಗೆಗೆ ತಟ್ಟುವುದಿಲ್ಲ, ಮೆಣಸಿನ ಬೀಜ ಕಾಡಿನಲ್ಲಿ ಹರಡುವುದೇ ಅವುಗಳಿಂದ ಅನ್ನುವುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜಿ ಹೋಗುವವರೆಗೂ ಸಾಹೇಬರು ಪೂರ್ವಜನ್ಮದಲ್ಲಿ ಕೊಲ್ಲಾಪುರದವರು ಅಂತಲೇ ನಂಬಿದ್ದಳು.

ಸೋದರಮಾವನ ಉಪಾಯ ಗದರಿಸುವುದು. ಅವನು "ಏ, ಸುಮ್ಮಕಿರು!" ಅಂತ ಗುಡುಗಿದರೆ ಸಾಹೇಬರು ತಲೆ ಓರೆ ಮಾಡಿ ಕೇಳಿ, ಮರುಗಳಿಗೆ ಅದೇ ಗುಡುಗು ವಾಪಸ್ ಕೊಡುತ್ತಿದ್ದರು. ಮಾವ ಇನ್ನೂ ಜೋರು, ಇವರು ಅದಕ್ಕಿಂತ ಜೋರು. ಗಿಣಿಗೆ ಬೇಕಾದದ್ದು ನಮ್ಮ ಮುಖ ತನ್ನ ಕಡೆ ತಿರುಗುವುದು. ಹಾಗೆ ತಿರುಗಿದ ಮುಖ ನಗುತ್ತಿದೆಯೋ ಉರಿಯುತ್ತಿದೆಯೋ ಅನ್ನುವುದು ಅದರ ಲೆಕ್ಕಕ್ಕೆ ಬರುವುದಿಲ್ಲ. ನಾವು ಬೈದಷ್ಟೂ ಅದಕ್ಕೆ ಬಕ್ಷೀಸು ಕೊಟ್ಟ ಹಾಗೆ. ಅಮೆರಿಕದಲ್ಲಿ ಐರಿನ್ ಪೆಪ್ಪರ್‌ಬರ್ಗ್ ಅನ್ನುವ ವಿಜ್ಞಾನಿ 1977ರಲ್ಲಿ ಒಂದು ಬೂದುಗಿಣಿ ಕೊಂಡು ಅಲೆಕ್ಸ್ ಅಂತ ಹೆಸರಿಟ್ಟು ಮೂವತ್ತು ವರ್ಷ ಕಲಿಸಿದರು. ಅದು ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು, ಪಾಠ ಬೇಸರ ಬಂದರೆ ತನ್ನ ಜಾಗಕ್ಕೆ ವಾಪಸ್ ಬಿಡು ಅಂತ ಕೇಳುತ್ತಿತ್ತು. ಇದನ್ನು ಓದಿದಾಗ ನನಗೆ ಮಾವ ನೆನಪಾದ. ಅವನು ವಾರವಿಡೀ ಕೂತು ಕಲಿಸಿದ ರಾಮನಾಮದ ನಡುವೆ ನಮ್ಮ ಸಾಹೇಬರು ಗಾಡಿ ಬಿಡುವ ಸೀಟಿ ಊದುತ್ತಿದ್ದದ್ದರ ಅರ್ಥ ಆಗಲೇ ಹೊಳೆದದ್ದು.

ಎಲ್ಲಕ್ಕಿಂತ ನಾಚಿಕೆಗೇಡು ಬೂಟಿನ ಪ್ರಕರಣ. ಚಳಿಗಾಲ ಮುಗಿಯುವ ಹೊತ್ತಿಗೆ ಸಾಹೇಬರಿಗೆ ಅಪ್ಪನ ಎಡಗಾಲಿನ ಕರಿ ಬೂಟಿನ ಮೇಲೆ ಪ್ರೇಮ ಹುಟ್ಟುತ್ತಿತ್ತು. ಬಲಗಾಲಿನದರ ಮೇಲೆ ಇಲ್ಲ, ಎಡಗಾಲಿನದೇ ಆಗಬೇಕು. ಪಂಜರದ ಬಾಗಿಲು ತೆರೆದರೆ ಹೋಗಿ ಅದರ ಮುಂದೆ ಕಣ್ಣಿನ ಬೊಂಬೆ ಸಣ್ಣದು ದೊಡ್ಡದು ಮಾಡುತ್ತ, ತಲೆ ಮೇಲೆ ಕೆಳಗೆ ಆಡಿಸುತ್ತ, ತಿಂದ ಕಡಲೆಯನ್ನು ಗಂಟಲಿಂದ ತೆಗೆದು ಬೂಟಿನೊಳಗೆ ಹಾಕುತ್ತಿದ್ದರು. ಗಂಡು ಗಿಣಿ ಒಲಿದ ಹೆಣ್ಣಿಗೆ ಉಣಿಸುವ ಪದ್ಧತಿ ಅದು. ಅಪ್ಪನಿಗೆ ಅದು ತಿಳಿಯುತ್ತಿದ್ದದ್ದು ಡ್ಯೂಟಿಗೆ ಹೊರಡುವಾಗ ಕಾಲು ಹಾಕಿದ ಮೇಲೆ. ಅವ್ವ ಬೂಟು ತೆಗೆಯಲು ಹೋದರೆ ಸಾಹೇಬರು ಸವತಿಯನ್ನು ನೋಡಿದ ಹಾಗೆ ಎರಗುತ್ತಿದ್ದರು. ಕೊನೆಗೆ ಆ ಎರಡು ತಿಂಗಳು ಬೂಟಿಗೆ ಅಟ್ಟದ ವಾಸ ಅಂತಾಯಿತು. ನಾವು ಮಾಡಿದ್ದರಲ್ಲಿ ಶಾಸ್ತ್ರಕ್ಕೆ ಸರಿಯಾದದ್ದು ಇದೊಂದೇ ಇರಬೇಕು. ವಿರಹದಲ್ಲಿ ಸಾಹೇಬರು ಎರಡು ದಿನ ಪೇರಲ ಹಣ್ಣು ಮುಟ್ಟಲಿಲ್ಲ. ಮೂರನೆಯ ದಿನ ತಿಂದರು.

ಇನ್ನು ಸಂಜೆಯ ಕಿರುಚಾಟ. ಹೊತ್ತು ಮುಳುಗುವಾಗ ಸ್ಟೇಶನ್ನಿನ ದೊಡ್ಡ ಮರಗಳಿಗೆ ಕಾಡಿನಿಂದ ಗಿಣಿಗಳ ಹಿಂಡು ಬರುತ್ತಿತ್ತು. ಅವು ಕೂಗುತ್ತ ಬಂದು, ಕೂಗುತ್ತ ಕೂತು, ಜಾಗಕ್ಕಾಗಿ ಜಗಳವಾಡಿ, ಕತ್ತಲಾದೊಡನೆ ಯಾರೋ ಸ್ವಿಚ್ ಒತ್ತಿದ ಹಾಗೆ ಸುಮ್ಮನಾಗುತ್ತಿದ್ದವು. ಆ ಅರ್ಧ ತಾಸು ಸಾಹೇಬರು ಪಂಜರದ ಸರಳು ಹಿಡಿದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಮಾವನ ಗುಡುಗು, ಅಜ್ಜಿಯ ಕರಿ ಬಟ್ಟೆ, ನೀರು ಚಿಮುಕಿಸುವುದು, ಯಾವುದೂ ನಡೆಯುತ್ತಿರಲಿಲ್ಲ. ಸುಮ್ಮನಾಗುತ್ತಿದ್ದದ್ದು ಅಪ್ಪ ಬಂದಾಗ. ಅಪ್ಪನಿಗೆ ಒಂದು ಚಟ. ಡ್ಯೂಟಿ ಮುಗಿಸಿ ಹೊಸ್ತಿಲು ತುಳಿಯುವಾಗ "ಎಲ್ಲದೀ?" ಅಂತ ಕೂಗಬೇಕು. ಎಂಟು ಹೆಜ್ಜೆ ಉದ್ದದ ಕ್ವಾರ್ಟರ್ಸಿನಲ್ಲಿ ಅವ್ವ ಎಲ್ಲಿ ಹೋದಾಳು? ಆದರೂ ಆಕೆ ಒಲೆಯ ಮುಂದಿನಿಂದ "ಇಲ್ಲೇ ಅದೀನಿ" ಅನ್ನಬೇಕು. ಆಮೇಲೆ ಅಪ್ಪನಿಗೂ ಮಾತಿಲ್ಲ, ಅವ್ವನಿಗೂ ಇಲ್ಲ, ಗಿಣಿಗೂ ಇಲ್ಲ.

ಸಾಹೇಬರು ಎರಡನ್ನೂ ಕಲಿತರು. ಅಪ್ಪನ ದನಿಯಲ್ಲಿ "ಎಲ್ಲದೀ?", ಅವ್ವನ ದನಿಯಲ್ಲಿ "ಇಲ್ಲೇ ಅದೀನಿ". ಮಧ್ಯಾಹ್ನ ಇಬ್ಬರೂ ಇಲ್ಲದ ಹೊತ್ತಿನಲ್ಲಿ ಅವರ ಸಂಸಾರ ಪಂಜರದೊಳಗೆ ನಡೆದೇ ಇರುತ್ತಿತ್ತು. ಹಕ್ಕಿ ಕೂಗಿದರೂ ಅವ್ವ ಕೈಯಲ್ಲಿಯ ಕೆಲಸ ಬಿಡದೆ ಉತ್ತರ ಕೊಟ್ಟುಬಿಡುತ್ತಿದ್ದಳು. ಉತ್ತರ ಸಿಕ್ಕ ಕೂಡಲೇ ಅದು ಕೊಕ್ಕು ಕಟಕಟ ತೇಯುತ್ತ ಒಂಟಿ ಕಾಲಲ್ಲಿ ನಿಲ್ಲುತ್ತಿತ್ತು. ಗಿಣಿಗಳು ಹಿಂಡಿನ ಜೀವಿಗಳು, ಕಣ್ಣಿಗೆ ಕಾಣದವರನ್ನು ಕೂಗಿ ಕೇಳುತ್ತವೆ, ಮೆಲ್ಲಗೆ ಒಂದು ಉತ್ತರ ಕೊಟ್ಟರೆ ಸಮಾಧಾನವಾಗುತ್ತವೆ ಅಂತ ಈಗಿನ ಪಕ್ಷಿತಜ್ಞರು ಪುಟಗಟ್ಟಲೆ ಬರೆಯುತ್ತಾರೆ. ಅವ್ವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿದ್ದರೆ "ಹೌದಾ? ನಾ ನಿಮ್ಮಪ್ಪ ಅಂತ ತಿಳಿದಿದ್ದೆ" ಅಂತಿದ್ದಳು.

ಇಷ್ಟು ಹೇಳಿದ ಮೇಲೆ ತಪ್ಪೊಪ್ಪಿಗೆಯೂ ಆಗಿಬಿಡಲಿ. ನಮ್ಮ ದೇಶದ ಗಿಣಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯಾದ ಮೇಲೆ ಕೊರಳಪಟ್ಟಿಯ ಈ ಗಿಣಿ ಎರಡನೆಯ ಅನುಸೂಚಿಯಲ್ಲಿದೆ. ಸಾಕಬಾರದು ಅಂತ ಆಗ ನಮಗೆ ಗೊತ್ತಾದದ್ದು ಅಪ್ಪನ ಪರಿಚಯದ ಅರಣ್ಯ ರಕ್ಷಕರೊಬ್ಬರು ಚಹಾಕ್ಕೆ ಬರುತ್ತೇನೆ ಅಂದ ದಿನ. ಪಕ್ಕದ ಮನೆಯವರು ಕಾನೂನು ಹೇಳಿ ಹೆದರಿಸಿದರು. ಪಂಜರ ಬಚ್ಚಲಿಗೆ ಹೋಯಿತು, ಬಾಗಿಲು ಬಿತ್ತು. ಅವರು ಬಂದರು, ಕೂತರು, ಚಹಾ ಬಂತು. ಎಲ್ಲ ಸುರಳೀತವಾಗಿತ್ತು. ಅಪ್ಪ ಅವರ ಎದುರಿಗೇ ಕೂತಿದ್ದಾಗ ಬಚ್ಚಲಿನಿಂದ ಅಪ್ಪನ ದನಿ ಬಂತು: "ಎಲ್ಲದೀ?" ಅಡುಗೆಮನೆಯಿಂದ ಅವ್ವ, ಯಾವ ಯೋಚನೆಯೂ ಇಲ್ಲದೆ, "ಇಲ್ಲೇ ಅದೀನಿ" ಅಂದಳು.

ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದು ಅವರು ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಬಚ್ಚಲದಾಗಿನ ಸಾಹೇಬರಿಗೆ ನಮಸ್ಕಾರ ಹೇಳ್ರಿ. ಅವರಿಗೆ ಕಾಡಿನ ದಾರಿ ಮರತಿರಬಾರದು ನೋಡ್ರಿ" ಅಂದರು. ಮರುದಿನದಿಂದ ಅಪ್ಪ ಪಂಜರದ ಬಾಗಿಲು ಹಾಕುವುದನ್ನು ಬಿಟ್ಟ. ಸಾಹೇಬರು ಹೊರಗೆ ಹೋದರು, ಪಾದಚಾರಿ ಸೇತುವೆಯ ಕಟಕಟೆಯ ಮೇಲೆ ಕೂತು ಪ್ರಯಾಣಿಕರನ್ನು ಬೈದರು, ಹಿಂಡು ಬಂದಾಗ ಮರದ ತನಕ ಹಾರಿದರು. ಕಾಡಿನ ಗಿಣಿಗಳಿಗೆ ಇವರ ಟೋಕನ್ ಗಂಟೆ ಅರ್ಥವಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ವಾಪಸ್. ದಾರಿ ಮರೆತಿತ್ತೋ, ಬೂಟು ನೆನಪಾಗಿತ್ತೋ ಹೇಳಲಾರೆ. ಕಣ್ಣು ತೆರೆಯುವ ಮೊದಲೇ ಮನುಷ್ಯರ ಕೈಗೆ ಬಂದ ಹಕ್ಕಿಗೆ ಆ ದಾರಿ ತೋರಿಸಿದವರಾದರೂ ಯಾರು?

ತೊಂಬತ್ತರ ದಶಕದಲ್ಲಿ ಮೀಟರ್‌ಗೇಜು ಬ್ರಾಡ್‌ಗೇಜಾಯಿತು. ಗೋವಾದ ದಾರಿ ಬಂದಾಗಿದ್ದ ಆ ದಿನಗಳಲ್ಲಿ ಲೋಂಡಾದಂಥ ಲೋಂಡಾ ಮಧ್ಯಾಹ್ನ ಮಲಗಿರುತ್ತಿತ್ತು. ಕವಳಿ ಹಣ್ಣಿನ ಬುಟ್ಟಿಯವರು ಬರಲಿಲ್ಲ. ವಡಾ ಮಾರುವ ಹುಡುಗರು ಹುಬ್ಬಳ್ಳಿಗೆ ಹೋದರು. ಊರಲ್ಲಿ ವೇಳೆಗೆ ಸರಿಯಾಗಿ ಹೊರಡುತ್ತಿದ್ದದ್ದು ನಮ್ಮ ಮನೆಯ ಗಾಡಿಗಳು ಮಾತ್ರ. ಮೊದಲು ಬೈಯುತ್ತಿದ್ದ ಜನ ಆಗ ಜಗಲಿಗೆ ಬಂದು ಕೂತು ಸೀಟಿ ಕೇಳಿ ಹೋಗುತ್ತಿದ್ದರು.

1999ರಲ್ಲಿ ಅಪ್ಪ ನಿವೃತ್ತನಾದ. ನಾವು ಬೆಳಗಾವಿಗೆ ಬಂದು, ಪೇಟೆಯಿಂದ ದೂರ, ಗಾಳಿ ಬೆಳಕಿನ ಒಳ್ಳೆಯ ಬಾಡಿಗೆ ಮನೆ ಹಿಡಿದೆವು. ತುಂಬ ಶಾಂತ ಪ್ರದೇಶ ಅಂತ ಮಾಲೀಕರು ಹೇಳಿದ್ದು ಸುಳ್ಳಾಗಿರಲಿಲ್ಲ. ಎರಡು ತಿಂಗಳಲ್ಲಿ ಸಾಹೇಬರು ತಮ್ಮ ಗರಿಗಳನ್ನು ತಾವೇ ಕೀಳತೊಡಗಿದರು. ಮೊದಲು ಎದೆ, ಆಮೇಲೆ ತೊಡೆ, ಆಮೇಲೆ ರೆಕ್ಕೆಯ ಸಂದು. ಕೊಕ್ಕು ತಲೆಗೆ ಎಟುಕದಿರುವುದರಿಂದ ತಲೆಯೊಂದು ಉಳಿಯುತ್ತದೆ. ಕತ್ತಿನಿಂದ ಮೇಲೆ ಮದುಮಗ, ಕೆಳಗೆ ಖಾನಾವಳಿಯ ಕೋಳಿ. ನಗಬೇಕಾದ ನೋಟವೇ ಹೌದು, ಮನೆಯಲ್ಲಿ ಯಾರೂ ನಗಲಿಲ್ಲ. ಸೀಟಿ ನಿಂತಿತು, ಗಂಟೆ ನಿಂತಿತು. ಹದಿನಾರು ವರ್ಷ ಸುಮ್ಮನಿರು ಅಂತ ಹೇಳಿದ ನಮಗೆ ಆ ಮೌನ ಮೈಮೇಲೆ ಬಂದಿತು.

ದನದ ಡಾಕ್ಟರೊಬ್ಬರು ನೋಡಿದರು. ಹೇನಿಲ್ಲ, ಹುಳುಕಡ್ಡಿ ಇಲ್ಲ. ದಿನಚರಿ ಎಲ್ಲ ಕೇಳಿ, "ಇದಕ್ಕ ರೋಗ ಇಲ್ರಿ, ಕೆಲಸ ಇಲ್ಲ" ಅಂದರು. ಕಾಡಿನಲ್ಲಿ ದಿನವಿಡೀ ಮೇವು ಹುಡುಕುವ ಪ್ರಾಣಿಗೆ ಬಟ್ಟಲಲ್ಲಿ ಕಾಳು ಹಾಕಿಟ್ಟರೆ ಹತ್ತು ನಿಮಿಷಕ್ಕೆ ದಿನ ಮುಗಿಯುತ್ತದೆ, ಉಳಿದ ಹೊತ್ತು ಅದು ತನ್ನನ್ನೇ ಬಿಡಿಸತೊಡಗುತ್ತದೆ. ಅವರು ಹೇಳಿದಂತೆ ಸಿಪ್ಪೆ ಸಮೇತ ಶೇಂಗಾ ಹಳೇ ಪೇಪರಿನಲ್ಲಿ ಕಟ್ಟಿ ತೂಗುಬಿಟ್ಟೆವು, ಹುಣಸೆಯ ಹಸಿ ಟೊಂಗೆ, ಗೋವಿನಜೋಳದ ತೆನೆ ಕೊಟ್ಟೆವು, ಬಿಸಿಲಲ್ಲಿ ಪರಾತದ ತುಂಬ ನೀರಿಟ್ಟು ಮೈ ತೊಳೆಯಲು ಬಿಟ್ಟೆವು, ರಾತ್ರಿ ಹತ್ತು ಹನ್ನೆರಡು ತಾಸು ಕತ್ತಲೆ ಮಾಡಿ ಟಿವಿ ಬಂದ್ ಮಾಡಿದೆವು. ನಿವೃತ್ತನಾಗಿ ಕೂತಿದ್ದ ಅಪ್ಪನಿಗೂ ಪೊಟ್ಟಣ ಕಟ್ಟುವ ಕೆಲಸ ಸಿಕ್ಕಿತು. ಡಾಕ್ಟರು ಅದನ್ನೂ ಲೆಕ್ಕ ಹಾಕಿದ್ದರೋ ಏನೋ. ಸ್ವಲ್ಪ ಗುಣ ಕಂಡಿತು. ಪೂರ್ತಿ ಆಗಲಿಲ್ಲ. ಒಂದು ರಾತ್ರಿ ಊಟದ ನಡುವೆ ಅಪ್ಪ, "ಇಲ್ಲಿ ಗಾಡಿ ಸಪ್ಪಳ ಇಲ್ಲ" ಅಂದ. ಯಾರ ಪರವಾಗಿ ಹೇಳಿದ ಅಂತ ನಾವು ಕೇಳಲಿಲ್ಲ.

ಮಕ್ಕಳ ಕಾಲೇಜಿಗಾಗಿ ಮನೆ ಬದಲಿಸುವವರಿದ್ದಾರೆ, ವಾಸ್ತುವಿಗಾಗಿ ಬದಲಿಸುವವರಿದ್ದಾರೆ. ನಾವು ಗಿಣಿಗಾಗಿ ಟಿಳಕವಾಡಿಯ ಎರಡನೇ ಗೇಟಿನ ಹತ್ತಿರ ಬಂದೆವು. ಧೂಳು, ಹಾರ್ನು, ಗೇಟು ಬಿದ್ದಾಗ ಎರಡೂ ಕಡೆ ಜಾತ್ರೆ. ಬಾಡಿಗೆಯೂ ಹೆಚ್ಚು. ಮೊದಲ ರಾತ್ರಿ ಗಾಡಿ ಹಾದುಹೋದಾಗ ಕಿಟಕಿಯ ಗಾಜು ನಡುಗಿತು. ಕತ್ತಲಲ್ಲಿ ಪಂಜರದಿಂದ, ತುಂಬ ದಿನ ಬಳಸದೆ ತುಕ್ಕು ಹಿಡಿದಂಥ ಒಂದು ಸಣ್ಣ ಸೀಟಿ ಬಂತು. ಅಪ್ಪ ಚಾದರ ತಲೆಯ ಮೇಲೆಳೆದುಕೊಂಡು ಗೊರಕೆ ಹೊಡೆಯತೊಡಗಿದ. ಗರಿ ಬಂದವು. ಬೇರು ಸತ್ತ ಕಡೆ, ಎದೆಯ ಮೇಲೆ ಅಂಗೈಯಗಲ, ಬರಲೇ ಇಲ್ಲ.

2006ರಲ್ಲಿ ಅಪ್ಪ ಹೋದ. ಗಿಣಿ ಸತ್ತವರ ದನಿಯಲ್ಲಿ ಮಾತಾಡುತ್ತದೆ ಅಂತ ಕಥೆಗಳಲ್ಲಿ ಬರುತ್ತದಲ್ಲ, ನಮ್ಮ ಮನೆಗೆ ಬಂದ ನೆಂಟರೂ ಅದಕ್ಕೇ ಕಾದು ಕೂತರು. ಸಾಹೇಬರು "ಎಲ್ಲದೀ?" ಅನ್ನುವುದನ್ನು ನಿಲ್ಲಿಸಿಬಿಟ್ಟರು. ಸಂಜೆಯಾದರೆ ಯಾರೂ ಕೇಳದಿದ್ದರೂ, ಅವ್ವನ ದನಿಯಲ್ಲಿ, "ಇಲ್ಲೇ ಅದೀನಿ" ಅನ್ನುತ್ತಿದ್ದರು ಅಷ್ಟೇ. ಹಾಗೆ ನಾಲ್ಕು ವರ್ಷ. 2010ರ ಶ್ರಾವಣದಲ್ಲಿ ಒಂದು ಮುಂಜಾನೆ ಪಂಜರದ ತಳದಲ್ಲಿದ್ದರು. ನಾನು ಮಣ್ಣು ಮಾಡಲು ಹೊರಟಾಗ ಅವ್ವ ಅಟ್ಟದಿಂದ ಬೂಟು ತೆಗೆಸಿದಳು. ಎಡಗಾಲಿನದು.

ಕಾಕಟೀಲಿನ ಹುಡುಗನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಬಟ್ಟಲು ತೆಗೆ, ಕಾಳು ಬಚ್ಚಿಟ್ಟು ಹುಡುಕಲು ಬಿಡು, ಬೇಗ ಮಲಗಿಸು, ಕಿರುಚಿದಾಗ ಓಡಿ ಹೋಗಬೇಡ, ಬೈಯಬೇಡ, ನೀನು ಎಲ್ಲಿದ್ದೀಯೋ ಅಲ್ಲಿಂದಲೇ ಸಣ್ಣಗೆ ಒಂದು ಸೀಟಿ ಹಾಕು ಅಂದೆ. "ಅಷ್ಟ ಏನ್ರಿ?" ಅಂದ, ನಿರಾಶೆಯಿಂದ. ಔಷಧಿಯ ಹೆಸರು ಬರೆದುಕೊಡುತ್ತೇನೆ ಅಂತ ತಿಳಿದಿದ್ದ. ಎರಡು ವಾರದಿಂದ ಸಂಜೆ ಮೇಲಿನ ಮನೆಯಲ್ಲಿ ಸೀಟಿ ಕೇಳುತ್ತಿದೆ. ಹುಡುಗನದೊಂದು, ಹಕ್ಕಿಯದೊಂದು. ಜಗಳದವರು ಮೆಟ್ಟಿಲು ಹತ್ತುವುದು ಕಡಿಮೆಯಾಗಿದೆ.

ಅವ್ವನಿಗೆ ಈಗ ಕಣ್ಣು ಮಂಜು. ಹೊತ್ತು ಮುಳುಗುವಾಗ ಒಳಗಿನ ಕೋಣೆಯಿಂದ ಕೂಗುತ್ತಾಳೆ. ಮೊದಮೊದಲು ನಾನು ನೀರು ಬೇಕೋ ಗುಳಿಗೆ ಬೇಕೋ ಅಂತ ಎದ್ದು ಓಡುತ್ತಿದ್ದೆ. ಏನೂ ಬೇಡ ಅನ್ನುತ್ತಿದ್ದಳು, ಒಮ್ಮೊಮ್ಮೆ ನಾನೇ ರೇಗುತ್ತಿದ್ದೆ. ನಿನ್ನೆ ಕರೆಂಟು ಹೋದಾಗ ಪೇಪರು ಮಡಚಿ ಕತ್ತಲಲ್ಲೇ ಕೂತಿದ್ದೆ.

"ಎಲ್ಲದೀ?"

"ಇಲ್ಲೇ ಅದೀನಿ."

"ಗಾಡಿ ಹೋತೇನು?"

"ಇನ್ನೂ ಇಲ್ಲವಾ. ಗೇಟು ಈಗ ಬಿತ್ತು."